ರಜೆಯಲ್ಲಿ ಮುಟ್ಟದ ಪುಸ್ತಕವನ್ನು ಬಂದ ಮೇಲೆ ಯಾಕೆ ಓದ್ತೀಯ?

ಪ್ರತಿ ಸಲ ಪ್ರವಾಸ ಮುಗಿಸಿ ಬಂದಾಗಲೂ ಇದೇ ಪ್ರಶ್ನೆ. ತಂಗಿ ಕೇಳುತ್ತಾಳೆ, ಆಫೀಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ, ಫೋನ್ ಮಾಡಿದ ಗೆಳತಿಯರೂ ಕೇಳುತ್ತಾರೆ. ತಂಗಿಯದು ಸ್ವಲ್ಪ ಖಾರ ಜಾಸ್ತಿ. "ಅಕ್ಕಾ, ಹತ್ತು ದಿನ ರಜೆ ಇತ್ತಲ್ಲ, ಆಗ ಆರಾಮಾಗಿ ಓದಬಹುದಿತ್ತು. ಅಲ್ಲಿ ಪುಸ್ತಕ ಮುಟ್ಟಲಿಲ್ಲ. ಈಗ ಕೆಲಸ ತಲೆ ಮೇಲೆ ಕೂತಿರುವಾಗ ಆ ದಪ್ಪ ದಪ್ಪ ಮಾಯಾಮಂತ್ರದ ಕಾದಂಬರಿ ಹಿಡಿದು ರಾತ್ರಿ ಎರಡರವರೆಗೆ ಎದ್ದಿರ್ತೀಯಲ್ಲ, ಯಾಕೆ?"

ಪ್ರಶ್ನೆಯಲ್ಲಿ ನ್ಯಾಯ ಇದೆ. ಇಷ್ಟು ದಿನ "ಸುಮ್ನೆ" ಅಂತ ಹೇಳಿ ಜಾರಿಕೊಳ್ಳುತ್ತಿದ್ದೆ. ಈ ಸಲ ಕೂತು ಯೋಚಿಸಿದೆ.

ಕಳೆದ ಪ್ರವಾಸಕ್ಕೆ ರಾಬರ್ಟ್ ಜೋರ್ಡನ್ ಅವರ ‘ದಿ ವೀಲ್ ಆಫ್ ಟೈಮ್’ ಸರಣಿಯ ಮೊದಲ ಸಂಪುಟವನ್ನು ಹೊತ್ತುಕೊಂಡೇ ಹೋಗಿದ್ದೆ. ಸುಮಾರು 800 ಪುಟ. ಅದಕ್ಕೆ ಜಾಗ ಮಾಡಲು ಒಂದು ಜೊತೆ ಚಪ್ಪಲಿ ಮನೆಯಲ್ಲೇ ಬಿಟ್ಟೆ. ಹೋಗುವಾಗ ಬಸ್ಸಿನಲ್ಲಿ ಶುರು ಮಾಡಿ, ನಿದ್ದೆ ಬಂದಾಗ ಬಸ್ ಟಿಕೆಟ್ಟನ್ನೇ ಗುರುತಿಗೆ ಇಟ್ಟೆ. ವಾಪಸ್ ಬಂದು ಚೀಲ ಬಿಚ್ಚಿದಾಗ ಟಿಕೆಟ್ 14ನೇ ಪುಟದಲ್ಲೇ ಇತ್ತು. ಅಂದರೆ ಹತ್ತು ದಿನ ಆ ಪುಸ್ತಕ ಮಾಡಿದ ಕೆಲಸ ನನ್ನ ಭುಜ ನೋಯಿಸಿದ್ದು ಮಾತ್ರ.

ಓದಲು ಸಮಯ ಇರಲಿಲ್ಲವೇ? ಧಾರಾಳವಾಗಿತ್ತು. ಆದರೆ ತಲೆಯಲ್ಲಿ ಜಾಗ ಇರಲಿಲ್ಲ. ಹೊಸ ಊರಿಗೆ ಹೋದಾಗ ನಾವು ಎಷ್ಟು ಕೆಲಸ ಮಾಡುತ್ತೇವೆ ಅಂತ ನಮಗೇ ಗೊತ್ತಾಗುವುದಿಲ್ಲ. ಉಳಿದುಕೊಂಡ ಕೋಣೆಯಲ್ಲಿ ಬಾಗಿಲ ಪಕ್ಕ ಆರು ಸ್ವಿಚ್ಚು. ಯಾವುದು ಯಾವ ದೀಪದ್ದು? ಮೊದಲ ರಾತ್ರಿ ಆರನ್ನೂ ಒತ್ತಿ ನೋಡಿದೆ. ಒಂದು ಒತ್ತಿದರೆ ಏನೂ ಆಗಲಿಲ್ಲ. ಅದು ಹೊರಗಿನ ಮೆಟ್ಟಿಲ ದೀಪದ್ದು ಅಂತ ಮೂರನೇ ದಿನ ತಿಳಿಯಿತು. ಅಷ್ಟು ಹೊತ್ತಿಗೆ ಬಿಸಿನೀರಿನ ನಲ್ಲಿ ಎತ್ತ ತಿರುಗುತ್ತೆ, ಯಾವ ಓಣಿ ಹಿಡಿದರೆ ಬೇಗ ದಡ ಸೇರಬಹುದು, ಎದುರು ಸಿಕ್ಕವರಿಗೆ ಏನು ಹೇಳಿ ಮಾತು ಶುರು ಮಾಡಬೇಕು, ಎಲ್ಲ ಕಲಿತಿದ್ದೆ. ಇದನ್ನು ನಾವು ವಿಶ್ರಾಂತಿ ಅಂತ ಕರೆಯುತ್ತೇವೆ, ನೋಡಿ! ಒಂದು ಲೋಕವನ್ನು ಕಲಿಯುತ್ತಾ ಇರುವಾಗ ಇನ್ನೊಂದನ್ನು ತೆರೆಯಲು ನನಗಂತೂ ಆಗುವುದಿಲ್ಲ.

ಆಮೇಲೆ ಮನೆಗೆ ಬರುತ್ತೇವೆ. ಕತ್ತಲಲ್ಲೂ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ. ಮೊದಲ ಸಂಜೆ ಅದೇ ಸುಖ. ಎರಡನೇ ದಿನಕ್ಕೆ ಏನೋ ಕಡಿಮೆಯಾದ ಹಾಗೆ. ಕೆಲಸಕ್ಕೇನೂ ಕಡಿಮೆ ಇರುವುದಿಲ್ಲ. ಓದದ ಮೇಲ್‌ಗಳೇ ರಾಶಿ ಬಿದ್ದಿರುತ್ತವೆ. ಆದರೆ ಅದೆಲ್ಲ ಗೊತ್ತಿರುವ ಕೆಲಸ. ಮೇಲ್‌ನ ಮೊದಲ ಸಾಲು ಓದಿದರೆ ಕೊನೆಯ ಸಾಲು ಹೇಳಬಲ್ಲೆ. ಹತ್ತು ದಿನ ಎಲ್ಲವನ್ನೂ ಕಣ್ಣರಳಿಸಿ ನೋಡುತ್ತಿದ್ದ ತಲೆಗೆ ಆ ಚಾಳಿ ಇನ್ನೂ ಬಿಟ್ಟಿರುವುದಿಲ್ಲ. ಓಡುತ್ತಿದ್ದ ಫ್ಯಾನ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತೆ, ಅಲ್ವಾ? ಹಾಗೆ.

ಆ ಹೊತ್ತಿನಲ್ಲೇ ಕೈ ಆ ದಪ್ಪ ಪುಸ್ತಕಕ್ಕೆ ಹೋಗುವುದು.

ಜನ ಇದನ್ನು ತಪ್ಪಿಸಿಕೊಂಡು ಓಡುವುದು ಅಂದುಕೊಳ್ಳುತ್ತಾರೆ. ನಿಜಕ್ಕೂ ಓಡಿ ಹೋಗಬೇಕು ಅನ್ನಿಸಿದಾಗ ನಾನು ಓದುವುದು ಹಳೆಯ, ಹತ್ತು ಸಲ ಓದಿದ ಪುಸ್ತಕ. ಅಲ್ಲಿ ಬೆಚ್ಚಗೆ ಮುದುಡಿಕೊಳ್ಳಬಹುದು. ಹೊಸ ಫ್ಯಾಂಟಸಿ ಸರಣಿಯ ಮೊದಲ ನೂರು ಪುಟದಲ್ಲಿ ಬೆಚ್ಚಗಿರುವುದು ಏನೂ ಇಲ್ಲ. ಯಾರು ಯಾರ ಮಗ ಗೊತ್ತಿಲ್ಲ. ಯಾವ ಊರು ಯಾವ ದಿಕ್ಕಿಗೆ ಗೊತ್ತಿಲ್ಲ. ಒಂದು ಹೆಸರು ಕೇಳಿದ ತಕ್ಷಣ ಎಲ್ಲರೂ ದನಿ ತಗ್ಗಿಸುತ್ತಾರೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. ಪರಊರಿನ ಬಸ್ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತ ಹಾಗೆಯೇ.

ಬರೆಯುವವರಿಗೂ ಇದು ಗೊತ್ತು. ಅದಕ್ಕೇ ನಮ್ಮ ಜೊತೆಗೆ ಇನ್ನೊಬ್ಬ ಪರಊರಿನವನನ್ನು ಕಳಿಸುತ್ತಾರೆ. ಜೋರ್ಡನ್ ಕಥೆಯಲ್ಲಿ ರ‍್ಯಾಂಡ್ ಅನ್ನುವ ಹುಡುಗ ಕುರಿ ಕಾಯುವವರ ಮನೆಯವನು, ಹಳ್ಳಿ ಬಿಟ್ಟು ದೂರ ಹೋದವನಲ್ಲ. ಬೇರ್ಲಾನ್ ಅನ್ನುವ ಪಟ್ಟಣಕ್ಕೆ ಬಂದಾಗ ಅಷ್ಟು ಜನ, ಅಷ್ಟು ಮನೆ ನೋಡಿ ಬೆರಗಾಗುತ್ತಾನೆ. ಮುಂದೆ ಕೇಮ್ಲಿನ್ ಅನ್ನುವ ರಾಜಧಾನಿ ಬರುತ್ತದೆ. ಆಗ ಬೇರ್ಲಾನ್ ಒಂದು ದೊಡ್ಡ ಹಳ್ಳಿ ಅಷ್ಟೇ ಅನ್ನಿಸುತ್ತದೆ. ಅವನಿಗೂ, ನನಗೂ. ಲೇಖಕರು ನಮಗೆ ಪಾಠ ಮಾಡುವುದಿಲ್ಲ. ಅವನು ಕೇಳಿದ್ದಕ್ಕೆ ಯಾರೋ ಉತ್ತರ ಕೊಡುತ್ತಾರೆ, ನಾವು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತೇವೆ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಅವರ ಹಾಬಿಟ್‌ಗಳದೂ ಇದೇ ಕೆಲಸ. ಮನೆ ಬಿಟ್ಟು ಹೊರಗೆ ಕಾಲಿಡಲು ಇಷ್ಟವಿಲ್ಲದ ಪುಟ್ಟ ಜನ. ಅವರ ಎತ್ತರದಿಂದ ನೋಡಿದರೆ ಎಲ್ಲವೂ ದೊಡ್ಡದು.

ಹೆಸರುಗಳ ಪಾಡು ಹೇಳಲೇಬೇಕು. ಪ್ರವಾಸದಲ್ಲಿ ಊರಿನ ಹೆಸರನ್ನು ತಪ್ಪಾಗಿ ಹೇಳಿ, ಕಂಡಕ್ಟರ್ ನಗುತ್ತಾ ತಿದ್ದಿದ ಅನುಭವ ಎಲ್ಲರಿಗೂ ಇದ್ದದ್ದೇ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಓದುವಾಗ ಎಲ್ಫ್ ಅನ್ನುವ, ಮನುಷ್ಯರಲ್ಲದ ಜನಾಂಗದ ಒಬ್ಬ ಪ್ರಭುವನ್ನು ನಾನು ಉದ್ದಕ್ಕೂ "ಸೆಲೆಬೋರ್ನ್" ಅಂತ ಓದಿಕೊಂಡೆ. ಮೂರನೇ ಸಂಪುಟದ ಕೊನೆಯಲ್ಲಿರುವ ಅನುಬಂಧದಲ್ಲಿ ನೋಡಿದರೆ, ಎಲ್ಫ್‌ಗಳ ಭಾಷೆಗಳಲ್ಲಿ ಸಿ ಅಕ್ಷರಕ್ಕೆ ಯಾವಾಗಲೂ ‘ಕ’ ಉಚ್ಚಾರ ಅಂತ ಬರೆದಿದ್ದಾರೆ. ಕೆಲೆಬೋರ್ನ್! ಸಾವಿರ ಪುಟ ಅವರನ್ನು ತಪ್ಪು ಹೆಸರಲ್ಲಿ ಕರೆದಿದ್ದೆ. ನಿಜವಾಗಿ ನಾಚಿಕೆಯಾಯಿತು. ನಗಬೇಡಿ.

ಇನ್ನು ನಕ್ಷೆ. ನನಗೆ ಕೇಳಿದರೆ ಈ ಪುಸ್ತಕಗಳ ಅರ್ಧ ಮಜಾ ಅಲ್ಲೇ ಇದೆ. ತಾನು ಮೊದಲು ನಕ್ಷೆ ಇಟ್ಟುಕೊಂಡು, ಕಥೆಯನ್ನು ಅದಕ್ಕೆ ಹೊಂದಿಸಿದೆ ಅಂತ ಟೋಲ್ಕಿನ್ ಒಂದು ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಅಚ್ಚಾದ ಪುಸ್ತಕಕ್ಕೆ ನಕ್ಷೆ ಬಿಡಿಸಿದ್ದು ಅವರ ಮಗ ಕ್ರಿಸ್ಟೋಫರ್. ಉರ್ಸುಲಾ ಲೆ ಗ್ವಿನ್ ಕೂಡ 1968ರಲ್ಲಿ ಬಂದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಗೆ ದ್ವೀಪಗಳ ನಕ್ಷೆಯನ್ನು ಮೊದಲೇ ಬಿಡಿಸಿಕೊಂಡಿದ್ದರು. ಇವರು ಮೊದಲು ಜಾಗ ಮಾಡಿ, ಆಮೇಲೆ ಜನರನ್ನು ನಡೆಸಿದವರು. ಅದು ಓದುವಾಗ ಕಾಲಿಗೇ ಗೊತ್ತಾಗುತ್ತದೆ. ಮೂರು ದಿನದ ದಾರಿ ಅಂದರೆ ಮೂರು ದಿನವೇ ಹಿಡಿಯುತ್ತದೆ.

ನಾನು ಓದುವ ಕ್ರಮ ಹೀಗೆ: ಬಲಗೈಯಲ್ಲಿ ಓದುತ್ತಿರುವ ಪುಟ, ಎಡಗೈ ತೋರುಬೆರಳು ನಕ್ಷೆಯ ಪುಟದಲ್ಲಿ ಸಿಕ್ಕಿಕೊಂಡಿರುತ್ತದೆ. ಊರಿನ ಹೆಸರು ಬಂದಾಗಲೆಲ್ಲ ಹಿಂದಕ್ಕೆ ಹಾರಿ ನೋಡಬೇಕು. ಬೆರಳು ನೋಯತೊಡಗಿದ ಮೇಲೆ ಅಲ್ಲಿಗೂ ಒಂದು ಗುರುತು ಇಟ್ಟೆ. ಕೈಗೆ ಸಿಕ್ಕಿದ್ದು ವಾಪಸ್ ಬರುವಾಗಿನ ಬಸ್ ಟಿಕೆಟ್. ಹೋಗುವ ಟಿಕೆಟ್ ಕಥೆಯಲ್ಲಿ, ಬರುವ ಟಿಕೆಟ್ ನಕ್ಷೆಯಲ್ಲಿ. ಬೇಕೆಂದು ಮಾಡಿದ್ದಲ್ಲ, ಆದರೆ ಆಮೇಲೆ ಬದಲಿಸಲು ಮನಸ್ಸಾಗಲಿಲ್ಲ.

"ಸರಿ, ಒಂದು ಪುಸ್ತಕ ಸಾಲದೇ? ಸರಣಿಯೇ ಯಾಕೆ?" ಇದು ಎರಡನೇ ಪ್ರಶ್ನೆ. ಒಂದೇ ಪುಸ್ತಕವಾದರೆ ಗುರುವಾರಕ್ಕೆ ಮುಗಿಯುತ್ತದೆ. ಗುರುವಾರ ಮತ್ತೊಮ್ಮೆ ಪ್ರವಾಸದಿಂದ ವಾಪಸ್ ಬಂದ ಹಾಗಾಗುತ್ತದೆ. ಒಂದು ವಾರದಲ್ಲಿ ಎರಡು ಸಲ ಚೀಲ ಬಿಚ್ಚುವ ಶಕ್ತಿ ನನಗಿಲ್ಲ. ರಜೆಯ ಉಲ್ಲಾಸ ಎಷ್ಟು ದಿನ ಉಳಿಯುತ್ತದೆ ಅಂತ ತಿಳಿಯಲು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 2009ರಲ್ಲಿ ಬಂದಿತ್ತು. ಕೆಲಸಕ್ಕೆ ಮರಳಿದ ಎರಡರಿಂದ ನಾಲ್ಕು ವಾರದೊಳಗೆ ಅದು ಕರಗುತ್ತದೆ ಅಂತ ಅದರ ಲೆಕ್ಕ. ನನ್ನ ಓದಿನ ಹುಚ್ಚೂ ಹೆಚ್ಚುಕಡಿಮೆ ಮೂರು ವಾರ ಇರುತ್ತದೆ. ಇದು ಕಾಕತಾಳೀಯವೂ ಇರಬಹುದು. ನನಗೆ ಅನುಕೂಲವಾಗಿದೆ, ಹೇಳಿದೆ.

ಇದರಿಂದ ನಷ್ಟ ಇಲ್ಲವೇ ಅಂದರೆ, ಇದೆ. ಪ್ರವಾಸದ ಬಟ್ಟೆಯನ್ನೆಲ್ಲ ವಾಷಿಂಗ್ ಮೆಷಿನ್‌ಗೆ ಹಾಕಿ, ಅದು ಮುಗಿಯುವವರೆಗೆ ಒಂದು ಅಧ್ಯಾಯ ಓದೋಣ ಅಂತ ಕೂತೆ. ಮೆಷಿನ್ ಕೂಗಿದ್ದು ಕೇಳಿಸಿತು. "ಈ ಪುಟ ಮುಗಿಸಿ" ಅಂದುಕೊಂಡೆ. ಬಟ್ಟೆ ನೆನಪಾದದ್ದು ಮರುದಿನ ಸಂಜೆ, ಅದೂ ವಾಸನೆಯಿಂದ. ಅದೇ ಬಟ್ಟೆಯನ್ನು ಮತ್ತೆ ಎರಡು ಸಲ ಒಗೆಯಬೇಕಾಯಿತು. ತಂಗಿ ಏನೂ ಅನ್ನಲಿಲ್ಲ, ಮೂಗು ಮುಚ್ಚಿಕೊಂಡು ನಿಂತಿದ್ದಳು ಅಷ್ಟೇ. ನಿದ್ದೆಯ ಲೆಕ್ಕ ಬೇರೆ. ಅದನ್ನು ಇಲ್ಲಿ ಬರೆದರೆ ಆಫೀಸಿನವರೂ ಓದುತ್ತಾರೆ.

ಯಾವ ಸರಣಿ ಹಿಡಿಯಲಿ ಅಂತ ಕೇಳುವವರೂ ಇದ್ದಾರೆ. ರಜೆ ಮುಗಿದ ಬೇಜಾರಿನಲ್ಲಿ ಇರುವವರು ಮುಗಿಯದ ಸರಣಿಗೆ ಕೈ ಹಾಕಬೇಡಿ. ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ 1996ರಲ್ಲಿ ಶುರುವಾಯಿತು. ಮೊದಲು ಮೂರು ಸಂಪುಟ ಅಂದರು, ಆಮೇಲೆ ಏಳು ಅಂದರು. ಐದನೆಯದು ಬಂದದ್ದು 2011ರಲ್ಲಿ. ಮುಂದಿನದಕ್ಕೆ ಕಾದು ಕೂತವರ ಮುಖ ನೋಡಿದ್ದೇನೆ, ಅದು ರಜೆಯ ಮುಖ ಅಲ್ಲ. ಸಮಯ ಕಡಿಮೆ ಇದ್ದರೆ ಅರ್ಥ್‌ಸೀ ಒಳ್ಳೆಯದು. ತೆಳ್ಳಗಿನ ಪುಸ್ತಕಗಳು, ಮಾತು ಕಡಿಮೆ, ಸಮುದ್ರ ಜಾಸ್ತಿ. ಮೂರನೆಯದು 1972ರಲ್ಲಿ ಬಂದ ಮೇಲೆ ನಾಲ್ಕನೆಯದು ಬಂದದ್ದು 1990ರಲ್ಲಿ. ನಾವು ಒಂದು ವಾರದಲ್ಲಿ ದಾಟುವ ಆ ಅಂತರವನ್ನು ದಾಟಲು ಲೇಖಕಿಗೆ 18 ವರ್ಷ ಹಿಡಿಯಿತು. ನಗು ಬೇಕಾದವರಿಗೆ ಟೆರ್ರಿ ಪ್ರಾಚೆಟ್ ಅವರ ‘ಡಿಸ್ಕ್‌ವರ್ಲ್ಡ್’ ಇದೆ. 1983ರಿಂದ 2015ರವರೆಗೆ 41 ಕಾದಂಬರಿ, ಹೆಚ್ಚುಕಡಿಮೆ ಎಲ್ಲಿಂದ ಬೇಕಾದರೂ ಹತ್ತಬಹುದು.

ನಾನು ಹಿಡಿದದ್ದು ಮಾತ್ರ 14 ಸಂಪುಟದ್ದು. ಮೊದಲನೆಯದು 1990ರಲ್ಲಿ ಬಂತು. 2007ರಲ್ಲಿ ಜೋರ್ಡನ್ ತೀರಿಕೊಂಡಾಗ ಕಥೆ ಇನ್ನೂ ಮುಗಿದಿರಲಿಲ್ಲ. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಇಟ್ಟುಕೊಂಡು ಬ್ರಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟ ಬರೆದರು, ಮುಗಿದದ್ದು 2013ರಲ್ಲಿ. ಪ್ರತಿ ಸಂಪುಟದ ಮೊದಲ ಅಧ್ಯಾಯವೂ ಒಂದೇ ಮಾತುಗಳಲ್ಲಿ ಶುರುವಾಗುತ್ತದೆ: ಕಾಲದ ಚಕ್ರ ತಿರುಗುತ್ತದೆ, ಎಲ್ಲೋ ಒಂದು ಗಾಳಿ ಏಳುತ್ತದೆ. ಗಾಳಿ ಏಳುವ ಜಾಗ ಮಾತ್ರ ಪ್ರತಿ ಸಲ ಬೇರೆ. ಎರಡನೇ ಸಂಪುಟದಲ್ಲಿ ಆ ಸಾಲು ಕಂಡಾಗ, ಗೊತ್ತಿರುವ ನಿಲ್ದಾಣದಲ್ಲಿ ಇಳಿದ ಹಾಗಾಯಿತು.

"ಹಾಗಾದರೆ ಹದಿನಾಲ್ಕೂ ಮುಗಿಸಿಯೇ ಏಳೋದಾ?" ತಂಗಿ ಇದನ್ನು ಗಾಬರಿಯಿಂದಲೇ ಕೇಳಿದಳು. ಇಲ್ಲ. ನಾಲ್ಕನೆಯದರ ಮಧ್ಯದಲ್ಲಿ ಒಂದು ರಾತ್ರಿ ಮಂಚದ ಕೆಳಗೆ ಏನೋ ಬಿದ್ದದ್ದು ಕಂಡಿತು. ಬಗ್ಗಿ ತೆಗೆದೆ. ನಕ್ಷೆಯಲ್ಲಿ ಇಟ್ಟಿದ್ದ ಟಿಕೆಟ್. ಸಂಪುಟದಿಂದ ಸಂಪುಟಕ್ಕೆ ಅದನ್ನು ಜೋಪಾನವಾಗಿ ದಾಟಿಸುತ್ತಾ ಬಂದಿದ್ದೆ. ಯಾವಾಗ ಬಿತ್ತೋ ಏನೋ, ಮೇಲೆ ಧೂಳು ಕೂತಿತ್ತು. ಅಷ್ಟು ದಿನದಿಂದ ನಾನು ನಕ್ಷೆ ತೆಗೆದೇ ಇರಲಿಲ್ಲ. ಹೆಸರು ಬಂದರೆ ದಿಕ್ಕು ತಾನಾಗಿ ಹೊಳೆಯುತ್ತಿತ್ತು, ಕತ್ತಲಲ್ಲಿ ಕೈ ಸ್ವಿಚ್ಚಿಗೆ ಹೋದ ಹಾಗೆ.

ಆ ಸಂಪುಟವನ್ನು ಆ ವಾರವೇ ಮುಗಿಸಿದೆ, ಅವಸರ ಇಲ್ಲದೆ, ಹನ್ನೊಂದಕ್ಕೆಲ್ಲ ದೀಪ ಆರಿಸಿ. ಭಾನುವಾರ ಖಾಲಿ ಚೀಲವನ್ನು ಒರೆಸಿ ಬೀರುವಿನ ಮೇಲಕ್ಕೆ ಎತ್ತಿಟ್ಟೆ. ಐದನೇ ಸಂಪುಟ ತಂದು ಇಟ್ಟಿದ್ದೇನೆ, ಇನ್ನೂ ಓದಲು ಶುರು ಮಾಡಿಲ್ಲ. ಮುಂದಿನ ರಜೆ ಮುಗಿಸಿ ಬರುವಷ್ಟರಲ್ಲಿ ಅರ್ಧ ಹೆಸರು ಮರೆತಿರುತ್ತೇನೆ. ಎರಡೂ ಟಿಕೆಟ್ ಅದರೊಳಗೇ ಇವೆ, ಒಂದು ನಕ್ಷೆಯಲ್ಲಿ, ಒಂದು ಮೊದಲ ಪುಟದಲ್ಲಿ.