ಬೆಲ್ ಸ್ವಿಚ್ ಹತ್ರ ಎರಡು ವೈರ್ ಇದೆ ಅಂತ ವಿಡಿಯೋ ಡೋರ್‌ಬೆಲ್ ಸಿಗ್ಸ್ಬೇಡಿ

ಬೆಂಗಳೂರಲ್ಲಿ ಎಲೆಕ್ಟ್ರಿಷಿಯನ್ ಕೆಲ್ಸ ನಂದು. ಈಗೀಗ ಅಮೆರಿಕದಿಂದ ಮಗನೋ ಅಳಿಯನೋ ತಂದ್ಕೊಟ್ಟಿರೋ ವಿಡಿಯೋ ಡೋರ್‌ಬೆಲ್ ಹಾಕ್ಕೊಡಿ ಅಂತ ಕಾಲ್ ಬರೋದು ಜಾಸ್ತಿ ಆಗಿದೆ. ಅಲ್ಲಿ ಮನೆಗಳಲ್ಲಿ ಬೆಲ್‌ಗೆ ಅಂತಾನೇ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಇರುತ್ತೆ, 120 ವೋಲ್ಟನ್ನ ಸುಮಾರು 16ಕ್ಕೆ ಇಳಿಸಿ ಬಾಗಿಲಿಗೆ ಕಳಿಸುತ್ತೆ, ಯೂಟ್ಯೂಬ್ ವಿಡಿಯೋದಲ್ಲಿ ಹಳೇ ಸ್ವಿಚ್ ಬಿಚ್ಚಿ ಹೊಸದನ್ನ ಸಿಗ್ಸಿ ಮುಗಿಸ್ತಾರಲ್ಲ ಅದು ಅದಕ್ಕೇ ಆಗೋದು. ನಮ್ಮ ಕಡೆ ಬಹುತೇಕ ಮನೇಲಿ ಬೆಲ್ ಸ್ವಿಚ್‌ಗೆ ಬರೋದು ನೇರ 230.

ಬಸವನಗುಡಿ ಕಡೆ ಒಂದು ಹಳೇ ಮನೆ. ಯಜಮಾನ್ರು "ಎರಡು ವೈರ್ ಇದ್ಯಲ್ಲಪ್ಪ, ಅದಕ್ಕೇ ಕೊಟ್ಬಿಡು, ಹತ್ತು ನಿಮಿಷದ ಕೆಲ್ಸ" ಅಂದ್ರು. "ತಡೀರಿ ಸಾರ್, ಮೊದ್ಲು ಸಪ್ಲೈ ನೋಡ್ತೀನಿ" ಅಂದೆ. ಟೆಸ್ಟರ್ ನಂಬಲ್ಲ ನಾನು, ಅದು ಬರೀ ಮಿಣಮಿಣ ಅನ್ನುತ್ತೆ, ಎಷ್ಟು ವೋಲ್ಟ್ ಅಂತ ಹೇಳಲ್ಲ. ಮಲ್ಟಿಮೀಟರ್ ಎಸಿ 750 ರೇಂಜಿಗೆ ಇಟ್ಟು, ಮೊದ್ಲು ಕರೆಂಟ್ ಇರೋ ಸಾಕೆಟ್‌ನಲ್ಲಿ ಮೀಟರ್ ಸರಿ ಇದ್ಯಾ ನೋಡ್ಕೊಂಡು, ಆಮೇಲೆ ಬೆಲ್ ಪಾಯಿಂಟ್‌ಗೆ ಹಿಡಿದೆ. 230 ಹತ್ರಹತ್ರ ತೋರಿಸ್ತು. ಇಲ್ಲೇ ಜನ ಏಮಾರೋದು, ಒಂದು ಫೇಸ್ ಒಂದು ನ್ಯೂಟ್ರಲ್ ಇದೆ, 230ದು ಅಡಾಪ್ಟರ್ ಇಲ್ಲೇ ಕೊಟ್ರಾಯ್ತು ಅಂದ್ಕೋತಾರೆ. ಆದ್ರೆ ಸ್ವಿಚ್ ಹತ್ರ ಸಾಮಾನ್ಯವಾಗಿ ನ್ಯೂಟ್ರಲ್ ಇರೋದೇ ಇಲ್ಲ, ಎರಡನೇ ವೈರ್ ಒಳಗಿನ ಬೆಲ್ ಕಾಯಿಲ್‌ಗೆ ಹೋಗಿ ಅಲ್ಲಿಂದ ನ್ಯೂಟ್ರಲ್ ಸೇರುತ್ತೆ. ಮೀಟರ್ ಎಳೆಯೋ ಕರೆಂಟ್ ಏನೇನೂ ಇಲ್ಲ, ಹಾಗಾಗಿ ಕಾಯಿಲ್ ದಾಟ್ಕೊಂಡು ಬಂದ ವೋಲ್ಟೇಜೂ ಪೂರ್ತಿ ಕಾಣುತ್ತೆ.

ಎಂಸಿಬಿ (ಆ ಲೈನಿನ ಮೇನ್ ಸ್ವಿಚ್) ಆಫ್ ಮಾಡಿ, ಅದೇ ಎರಡು ವೈರ್‌ಗೆ ಹೋಲ್ಡರ್ ಸಮೇತ 60 ವ್ಯಾಟ್ ಬಲ್ಬ್ ಸಿಗ್ಸಿ ಆನ್ ಮಾಡ್ದೆ. ಬಲ್ಬು ಸರಿಯಾಗಿ ಉರೀಲಿಲ್ಲ, ಒಳಗಡೆ ಬೆಲ್ "ಡಿಂಗ್" ಅಂತು! ಯಜಮಾನ್ರು ಯಾರೋ ಬಂದ್ರು ಅಂತ ಬಾಗಿಲ ಕಡೆ ತಿರುಗಿದ್ರು. ಬೆಲ್ ಸೀರಿಸ್‌ನಲ್ಲಿದೆ, ಅಂದ್ರೆ ಬಲ್ಬ್ ದಾಟಿದ ಕರೆಂಟೇ ಬೆಲ್‌ಗೂ ಹೋಗ್ತಿದೆ ಅಂತ ಅವ್ರಿಗೂ ಅರ್ಥ ಆಯ್ತು.

ಇನ್ನು ಡಬ್ಬದ ಮೇಲೆ ಏನಿದೆ ಓದಿ. ಇವರದ್ದರಲ್ಲಿ 16 ರಿಂದ 24 ವೋಲ್ಟ್ ಎಸಿ ಅಂತಿತ್ತು. ಅದಕ್ಕೆ 230 ಕೊಟ್ರೆ ಆ ಕ್ಷಣಕ್ಕೇ ಸುಟ್ಟೋಗುತ್ತೆ, ಮುಟ್ಟಿದವರ ಜೀವಕ್ಕೂ ಅಪಾಯ, ಯಾಕಂದ್ರೆ ಅದನ್ನ ಮಾಡಿರೋದೇ ಕಮ್ಮಿ ವೋಲ್ಟೇಜಿಗೆ. ಅಮೆರಿಕದ ಟ್ರಾನ್ಸ್‌ಫಾರ್ಮರನ್ನೂ ಇಲ್ಲಿ ಹಾಕೋ ಹಾಗಿಲ್ಲ, ಅದು 120ಕ್ಕೆ ಮಾಡಿದ್ದು. ಹಾಗಾಗಿ 230 ಇನ್‌ಪುಟ್ ಇರೋ 16 ವೋಲ್ಟ್, 30 ವಿಎ (ವಿಎ ಅಂದ್ರೆ ಅದು ಎಷ್ಟು ಲೋಡ್ ತಡೆಯುತ್ತೆ ಅನ್ನೋ ಲೆಕ್ಕ) ಟ್ರಾನ್ಸ್‌ಫಾರ್ಮರ್ ತರಿಸಿ ಡಿಬಿ, ಅಂದ್ರೆ ಎಂಸಿಬಿಗಳಿರೋ ಬಾಕ್ಸ್, ಪಕ್ಕ ಕೂರಿಸಿದ್ವಿ, ಬಾಗಿಲಿಗೆ ಬೇರೆ ವೈರ್ ಎಳೆದ್ವಿ, ಹಳೇ ಬೆಲ್ ಲೈನ್ ಪೂರ್ತಿ ಕಟ್.

ಲೋಡ್ ಇಲ್ದೆ, ಅಂದ್ರೆ ಡೋರ್‌ಬೆಲ್ ಕನೆಕ್ಟ್ ಮಾಡದೆ, ಅಳೆದಾಗ 16ಕ್ಕಿಂತ ಜಾಸ್ತೀನೇ ತೋರಿಸುತ್ತೆ, ಅದನ್ನ ನೋಡಿ ಖುಷಿ ಪಡ್ಬೇಡಿ. ಡೋರ್‌ಬೆಲ್ ಜಾಸ್ತಿ ಕರೆಂಟ್ ಎಳೆಯೋವಾಗ ಅಳೀಬೇಕು: ಲೈಟ್ ಆಫ್ ಮಾಡಿ ಕತ್ತಲೆ ಮಾಡಿ, ಕ್ಯಾಮೆರಾದ ನೈಟ್ ವಿಷನ್ ಆನ್ ಆಗ್ಲಿ, ಫೋನಲ್ಲಿ ಲೈವ್ ವಿಡಿಯೋ ಓಪನ್ ಮಾಡಿ, ಯಾರನ್ನಾದ್ರೂ ಬಟನ್ ಒತ್ತೋಕೆ ಹೇಳಿ, ಆಗ ಡೋರ್‌ಬೆಲ್ ಟರ್ಮಿನಲ್ ಮೇಲೇ ಮೀಟರ್ ಹಿಡೀರಿ. ಅಲ್ಲಿ 16ಕ್ಕಿಂತ ಕೆಳಗೆ ಬಿದ್ರೆ ವೈರ್ ಸಣ್ಣದಾಗಿದೆ, ಇಲ್ಲಾ ವಿಎ ಸಾಲ್ತಿಲ್ಲ.