ಸ್ಟಾಪ್‌ವಾಚ್ ಒತ್ತಿದ್ದು ತಡವಾಗಿ

ಪ್ಲೇಟ್‌ಗೆ ಬಣ್ಣ ಬರಿಸುವ ಟಿಎಂಬಿ ದ್ರಾವಣ ಹಾಕಿ ಕಾಯುತ್ತಾ ನಿಂತಿದ್ದೆ. ರಕ್ತದಲ್ಲಿ ಹಾರ್ಮೋನ್ ಎಷ್ಟಿದೆ ಅಂತ ಬಣ್ಣದಿಂದ ಅಳೆಯುವ ನಮ್ಮ ಎಲೈಸಾ ಕಿಟ್ ಕಾಂಪಿಟಿಟಿವ್ ಬಗೆಯದು. ಇಲಿಗಳ ಒತ್ತಡದ ಹಾರ್ಮೋನ್ ಕಾರ್ಟಿಕೋಸ್ಟೆರಾನ್ ಜಾಸ್ತಿ ಇದ್ದಷ್ಟೂ ಬಣ್ಣ ತಿಳಿ. ಅಂದರೆ ಒತ್ತಡ ಕೊಡದ ಕಂಟ್ರೋಲ್ ಇಲಿಗಳ ವೆಲ್‌ಗಳು (ಪ್ಲೇಟ್‌ನ ಗುಳಿಗಳು) ಗಾಢ ನೀಲಿ ಆಗಬೇಕು, ಸ್ಟ್ರೆಸ್ ಗುಂಪಿನವು ಮಾಸಲು. ಐದು ನಿಮಿಷ ಆಯಿತು, ಹತ್ತಾಯಿತು. ಹಾರ್ಮೋನ್ ಪ್ರಮಾಣ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್ ಸಾಲು ಚೆನ್ನಾಗಿ ಮೆಟ್ಟಿಲು ಮೆಟ್ಟಿಲಾಗಿ ಬಂತು. ಇಲಿಗೆ ಎರಡರಂತೆ ಸ್ಯಾಂಪಲ್ ಹಾಕಿದ್ದ 48 ವೆಲ್‌ಗಳಲ್ಲಿ ನಾಲ್ಕು ಮಾತ್ರ ಗಾಢ ನೀಲಿ. ಮಿಕ್ಕಿದ್ದೆಲ್ಲ ನೀರು ಬೆರೆಸಿದ ಇಂಕಿನ ಹಾಗೆ. ಸ್ಟಾಪ್ ಸೊಲ್ಯೂಷನ್ ಹಾಕುವಾಗ ಕೈ ನಡುಗುತ್ತಿತ್ತು. 450 ನ್ಯಾನೊಮೀಟರ್‌ನಲ್ಲಿ ಓದಿಸಿದರೂ ಅದೇ ಕಥೆ.

ಒತ್ತಡ ದಿನಗಟ್ಟಲೆ ಮುಂದುವರಿದರೆ ಮಿದುಳಿನಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ನರಕೋಶಗಳ ಕೊಂಬೆಗಳು ಕುಗ್ಗುತ್ತವೆ, ಭಯಕ್ಕೆ ಸಂಬಂಧಿಸಿದ ಅಮಿಗ್ಡಲದಲ್ಲಿ ಹರಡಿಕೊಳ್ಳುತ್ತವೆ. ವ್ಯಾಸ್, ಚಟರ್ಜಿ ಮತ್ತು ಸಂಗಡಿಗರು 2002ರಲ್ಲೇ ಇಲಿಗಳಲ್ಲಿ ಇದನ್ನು ತೋರಿಸಿದ್ದರು. ಇಲಿಯನ್ನು ಅಲುಗಾಡದಂತೆ ಹಿಡಿದಿಡುವುದು, ದಿನಕ್ಕೆ 2 ಗಂಟೆ, 10 ದಿನ. ಆತಂಕದ ಕಾಯಿಲೆ, ಖಿನ್ನತೆ ಅಂತ ಮಾತಾಡುವವರೆಲ್ಲ ಈ ಕೆಲಸವನ್ನು ನೆನೆಯುತ್ತಾರೆ. ನನ್ನ ಪೋಸ್ಟ್‌ಡಾಕ್ ನಿಂತಿರುವುದೂ ಅದೇ ಪ್ರೋಟೋಕಾಲ್ ಮೇಲೆ. 12 ಕಂಟ್ರೋಲ್, 12 ಸ್ಟ್ರೆಸ್. ಕೊನೆಯ ದಿನ ರಕ್ತ ತೆಗೆಯಬೇಕಿತ್ತು.

ಇಲಿಯನ್ನು ಮುಟ್ಟಿದ ಮೂರು ನಿಮಿಷದೊಳಗೆ ರಕ್ತ ಟ್ಯೂಬ್‌ನಲ್ಲಿ ಇರಬೇಕು. ಆಮೇಲೆ ಸಿಗುವುದು ನಾವೇ ಕೊಟ್ಟ ಗಾಬರಿಯ ಲೆಕ್ಕ. ನಾನು ಇದರಲ್ಲಿ ಪಳಗಿದವಳು. ಕೇಜ್ ಮುಚ್ಚಳ ತೆಗೆದ ಕೂಡಲೇ ಸ್ಟಾಪ್‌ವಾಚ್ ಒತ್ತುತ್ತಿದ್ದೆ. ಪ್ರತಿ ಇಲಿಯ ಎದುರು ನೋಟ್‌ಬುಕ್‌ನಲ್ಲಿ 2.20, 2.40 ಅಂತ ಬರೆದಿದ್ದೇನೆ. ಒಂದೂ ಮೂರು ದಾಟಿಲ್ಲ. ಅದನ್ನು ನೋಡಿ ನನಗೇ ಹೆಮ್ಮೆ.

ಲ್ಯಾಬ್ ಮೀಟಿಂಗ್‌ನಲ್ಲಿ ನಾನು ಮೊದಲು ಬೈದದ್ದು ಕಿಟ್‌ಗೆ. ಆಮೇಲೆ, ಇದು ಈಗಲೂ ಚುಚ್ಚುತ್ತದೆ, ಪ್ಲೇಟ್‌ಗೆ ಸ್ಯಾಂಪಲ್ ಹಾಕಿದ್ದ ಪಿಎಚ್‌ಡಿ ಹುಡುಗಿಯ ಕೈಗೆ. ಡುಪ್ಲಿಕೇಟ್‌ಗಳು, ಅಂದರೆ ಒಂದೇ ಇಲಿಯ ಎರಡು ವೆಲ್‌ಗಳು, ಒಂದಕ್ಕೊಂದು ಸರಿಯಾಗೇ ಹೊಂದುತ್ತಿದ್ದವು, ಅವಳ ಪಿಪೆಟಿಂಗ್ ಕೈ ತಪ್ಪಿರುವ ಸಾಧ್ಯತೆ ಕಡಿಮೆ ಇತ್ತು. ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ಪಿಪೆಟ್‌ಗಳನ್ನೆಲ್ಲ ಕ್ಯಾಲಿಬ್ರೇಷನ್‌ಗೆ ಕಳಿಸಿಬಿಟ್ಟೆ. ಬಾಸ್‌ಗೆ ಗ್ರಾಂಟ್ ರಿಪೋರ್ಟ್ ಚಿಂತೆ. "ಔಟ್‌ಲೈಯರ್ ತೆಗೆದು ನೋಡು" ಅಂದರು, ಉಳಿದವುಗಳ ಜೊತೆ ಹೊಂದದವನ್ನು. ಔಟ್‌ಲೈಯರ್ ಅಂದರೆ ಯಾವುದು? ಆ ನಾಲ್ಕು ಗಾಢ ನೀಲಿ ವೆಲ್‌ಗಳು, ಎರಡು ಇಲಿ. ನಾನು ತೆಗೆಯಲೂ ಹೊರಟಿದ್ದೆ.

ತೆಗೆಯೋ ಮೊದಲು ಕಾರಣ ಬರೆಯಬೇಕಲ್ವಾ ಅಂತ ನೋಟ್‌ಬುಕ್ ತೆರೆದೆ. ಆ ಎರಡು ಇಲಿಗಳ ಕ್ರಮಸಂಖ್ಯೆ 1 ಮತ್ತು 2. ಸುಮ್ನೆ ಕುತೂಹಲಕ್ಕೆ ಗುಂಪು ಬಿಟ್ಟು ರಕ್ತ ತೆಗೆದ ಕ್ರಮದಲ್ಲಿ ಹಾರ್ಮೋನ್ ಮಟ್ಟದ ಗ್ರಾಫ್ ಹಾಕಿದೆ. ಒಂದು, ಎರಡು ಕೆಳಗೆ. ಮೂರರಿಂದ ಏರು. ಆರನೆಯ ಕಂಟ್ರೋಲ್ ಹೊತ್ತಿಗೆ ಸ್ಟ್ರೆಸ್ ಗುಂಪಿಗೆ ಸಮ.

ಆ ಬೆಳಿಗ್ಗೆ ಕಣ್ಣ ಮುಂದೆ ಬಂತು. ಓಡಾಟ ಉಳಿಸೋಣ ಅಂತ ಎಲ್ಲ ಕೇಜ್‌ಗಳನ್ನೂ ಒಂದೇ ಟ್ರಾಲಿಯಲ್ಲಿ ತರಿಸಿದ್ದೆ. ಅನಿಮಲ್ ಹೌಸ್ ನೋಡಿಕೊಳ್ಳುವವರು ಬಾಗಿಲಲ್ಲೇ ನಿಂತು ಕೇಳಿದ್ದರು, "ಮೇಡಂ, ಇವು ಯಾಕೋ ಮೂಲೆ ಸೇರ್ತಿವೆ. ಒಂದೊಂದೇ ಕೇಜ್ ತರ್ಲಾ?" ಬೇಡ, ಟೈಮ್ ಇಲ್ಲ ಅಂದಿದ್ದೆ. ಅದೇ ಕೋಣೆಯ ಇನ್ನೊಂದು ಬದಿಯಲ್ಲಿ ಸ್ಟ್ರೆಸ್ ಗುಂಪಿನವು ಅಲುಗಾಡದಂತೆ ಹಿಡಿದಿಡುವ ರಿಸ್ಟ್ರೇನರ್‌ನಲ್ಲಿದ್ದವು. ನಮಗೆ ಕೋಣೆ ನಿಶ್ಶಬ್ದ. ಇಲಿಗಳು ಹೆದರಿದಾಗ ಕೂಗುವುದು ಸುಮಾರು 22 ಕಿಲೋಹರ್ಟ್ಸ್‌ನಲ್ಲಿ, ಮನುಷ್ಯರ ಕಿವಿಗೆ ಬೀಳುವುದಿಲ್ಲ. ಮೇಲಿಂದ ರಕ್ತದ ವಾಸನೆ. ಹನ್ನೆರಡನೆಯ ಕಂಟ್ರೋಲ್ ಇಲಿ ತನ್ನ ಸರದಿಗೆ ಒಂದು ಗಂಟೆ ಕಾದಿತ್ತು. ನನ್ನ ಸ್ಟಾಪ್‌ವಾಚ್ ಮಾತ್ರ 2.40 ಅಂದಿತ್ತು.

ಆ ಹನ್ನೆರಡರಲ್ಲಿ ನಿಜವಾದ ಕಂಟ್ರೋಲ್ ಅಂತ ಇದ್ದದ್ದು ನಾನು ಎಸೆಯಲು ಹೊರಟಿದ್ದ ಆ ಎರಡೇ.

ಎಥಿಕ್ಸ್ ಕಮಿಟಿಗೆ ಮತ್ತೆ ಪ್ರಾಣಿಗಳನ್ನು ಕೇಳುವ ಪತ್ರ ಬರೆಯುವುದು ಎಷ್ಟು ಕಷ್ಟ ಅಂತ ಬರೆದವರಿಗೇ ಗೊತ್ತು. "ಹಿಂದಿನವು ಏನಾದವು" ಅನ್ನೋ ಕಾಲಂನಲ್ಲಿ ನನ್ನ ತಪ್ಪನ್ನೇ ಬರೆದೆ. ಈಗ ರಕ್ತ ತೆಗೆಯುವುದು ಬೇರೆ ಕೋಣೆಯಲ್ಲಿ, ಒಂದು ಸಲಕ್ಕೆ ಒಂದೇ ಕೇಜ್. ಗಡಿಯಾರ ಶುರುವಾಗುವುದು ಕೇಜ್ ರ‍್ಯಾಕ್‌ನಿಂದ ಕದಲಿದಾಗ. ಒಂದು ದಿನದ ಕೆಲಸ ಮೂರು ದಿನ ಹಿಡಿಯುತ್ತದೆ. ಬಾಸ್ ಪ್ರತಿ ಸಲ ಯಾಕಿಷ್ಟು ತಡ ಅಂತ ಕೇಳುತ್ತಾರೆ, ನಾನು ಆ ಗ್ರಾಫ್ ತೋರಿಸುತ್ತೇನೆ.

ಹುಡುಗಿಯ ಹತ್ತಿರ ಹೋಗಿ ತಪ್ಪು ನನ್ನದೇ ಅಂದೆ. ಅವಳು ಕಂಪ್ಯೂಟರ್‌ನಿಂದ ತಲೆ ಎತ್ತದೆ ಕೇಳಿದಳು: "ಸರಿ ಮೇಡಂ. ಕ್ಯಾಲಿಬ್ರೇಷನ್ ಬಿಲ್ ಯಾವ ಲೆಕ್ಕಕ್ಕೆ ಹಾಕ್ಲಿ?"