ಕೋಝುಮೆಲ್‌ನಲ್ಲಿ ಇಳಿದವರು ಟುಲುಮ್‌ಗೆ ಓಡಬೇಡಿ

ಮಯಾಮಿಯಿಂದ ಹೊರಡುವ ಏಳು ರಾತ್ರಿಯ ವೆಸ್ಟರ್ನ್ ಕೆರಿಬಿಯನ್ ಕ್ರೂಸ್‌ಗೆ ನಾವು ಎರಡು ಸಲ ಹೋಗಿ ಬಂದೆವು. ಮೊದಲ ಸಲ ನಾನು, ನನ್ನ ಹೆಂಡತಿ ಇಬ್ಬರೇ. ಹೋದ ಜೂನ್‌ನಲ್ಲಿ ಗದಗದಿಂದ ಬಂದಿದ್ದ ಅಪ್ಪ-ಅಮ್ಮ ಜೊತೆಗಿದ್ದರು. ಬೇಸಿಗೆಗೆ ಅಪ್ಪ-ಅಮ್ಮನನ್ನು ಕರೆಸಿಕೊಂಡು ಇದೇ ದಾರಿ ಹಿಡಿಯುವವರು ಅಮೆರಿಕದಲ್ಲಿರುವ ನಮ್ಮವರಲ್ಲಿ ಬಹಳ ಮಂದಿ ಇದ್ದಾರೆ. ನಾವು ಮೊದಲ ಸಲ ಮಾಡಿಕೊಂಡ ತಪ್ಪನ್ನು ಅವರು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಮೆಕ್ಸಿಕೋದ ಕೋಝುಮೆಲ್ ಬಂದರಿನಲ್ಲಿ ಇಳಿದು ಹಡಗಿನವರದೇ ಟುಲುಮ್ ಪ್ರವಾಸಕ್ಕೆ ಹೋದೆವು. ಅದರ ಅವಧಿ ಏಳೂವರೆ ಗಂಟೆ ಎಂದು ಹಡಗಿನ ಪಟ್ಟಿಯಲ್ಲಿತ್ತು. ಅದರಲ್ಲಿ ನಾಲ್ಕು ಗಂಟೆಯಾದರೂ ಮಾಯಾ ಎಂಬ ಪ್ರಾಚೀನ ಜನರ ಆ ಹಳೇ ಊರಿನಲ್ಲಿ ಅಡ್ಡಾಡಲು ಸಿಗುತ್ತದೆ ಅಂದುಕೊಂಡಿದ್ದೆವು. ಆದರೆ ಕೋಝುಮೆಲ್ ಒಂದು ದ್ವೀಪ, ಟುಲುಮ್ ಇರುವುದು ಮೆಕ್ಸಿಕೋದ ಮುಖ್ಯಭೂಮಿಯಲ್ಲಿ. ಮೊದಲು ಪ್ಲಾಯಾ ಡೆಲ್ ಕಾರ್ಮೆನ್‌ಗೆ ಮುಕ್ಕಾಲು ಗಂಟೆಯ ಫೆರ್ರಿ. ದೊಡ್ಡ ಹಡಗಿನಲ್ಲಿ ಗೊತ್ತೇ ಆಗದ ಅಲೆ ಈ ಸಣ್ಣ ಫೆರ್ರಿಯನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಸಿಬ್ಬಂದಿ ಕಾಗದದ ಚೀಲ ಹಂಚಲು ಶುರುಮಾಡಿದಾಗಲೇ ಅರ್ಧ ಜನರ ಮುಖ ಬಾಡಿತ್ತು. ಆಮೇಲೆ ಬಸ್ಸು. ಎಸಿ ಕಿಂಡಿಯಿಂದ ನನ್ನ ಹೆಂಡತಿಯ ಭುಜದ ಮೇಲೆ ದಾರಿಯುದ್ದಕ್ಕೂ ನೀರು ತೊಟ್ಟಿಕ್ಕುತ್ತಿತ್ತು, ಬದಲಿಸಿ ಕೂರಲು ಒಂದು ಸೀಟೂ ಖಾಲಿ ಇರಲಿಲ್ಲ. ಗೈಡ್ ಮಾಯಾ ಇತಿಹಾಸ ಹೇಳಿದ್ದು ಹತ್ತು ನಿಮಿಷ. ಉಳಿದ ಹೊತ್ತೆಲ್ಲ ನಮ್ಮ ಹುಟ್ಟಿದ ದಿನವನ್ನು ಮಾಯಾ ಲಿಪಿಯಲ್ಲಿ ಬರೆಸಿಕೊಡುವ ಕಾಗದಕ್ಕೆ, ಹೆಸರು ಕೆತ್ತಿಸಿದ ಬೆಳ್ಳಿ ಪದಕಕ್ಕೆ ಆರ್ಡರ್ ತೆಗೆದುಕೊಳ್ಳುವುದರಲ್ಲಿ ಹೋಯಿತು. ದಾರಿಯಲ್ಲಿ ಒಂದು ಅಂಗಡಿಯ ಮುಂದೆ ಬಸ್ಸು ನಲವತ್ತು ನಿಮಿಷ ನಿಂತಿತು. ಶೌಚಾಲಯಕ್ಕೆ ಹೋಗಬೇಕಾದರೂ ಆ ಅಂಗಡಿಯೊಳಗಿನಿಂದಲೇ ಹಾದುಹೋಗಬೇಕು.

ಕೊನೆಗೆ ಟುಲುಮ್‌ನ ಒಳಗೆ ನಮಗೆ ಸಿಕ್ಕಿದ್ದು ಒಂದು ಗಂಟೆ ಹತ್ತು ನಿಮಿಷ. ಜಾಗ ನಿಜಕ್ಕೂ ಚಂದ. ಮೂರು ಕಡೆ ಕಲ್ಲಿನ ಕೋಟೆಗೋಡೆ, ನಾಲ್ಕನೇ ಕಡೆ ಸಮುದ್ರ, ಬಂಡೆಯ ಅಂಚಿನಲ್ಲಿ ‘ಎಲ್ ಕಾಸ್ಟಿಯೋ’ ಎಂಬ ದೊಡ್ಡ ಕಟ್ಟಡ, ಕೆಳಗೆ ನವಿಲುಬಣ್ಣದ ನೀರು. ಆದರೆ ಹಗ್ಗ ಕಟ್ಟಿ ಎಲ್ಲವನ್ನೂ ದೂರದಿಂದ ತೋರಿಸುತ್ತಾರೆ, ನೆರಳಿಲ್ಲ, ಹತ್ತಾರು ಬಸ್ಸಿನ ಜನ ಒಂದೇ ಹೊತ್ತಿಗೆ ಬಂದು ತುಂಬಿರುತ್ತಾರೆ. ನನಗೆ ಗದ್ದಲ ಆಗುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿದೇ ಈ ಮಾತನ್ನು ಓದಿ. ಟುಲುಮ್ ನೋಡಲೇಬೇಕೆನ್ನುವವರು ಬೇರೆ ರಜೆಯಲ್ಲಿ ಕಾನ್‌ಕೂನ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿ ಉಳಿದು, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನೋಡಲಿ. ಟುಲುಮ್ ಪ್ರವಾಸದ ಆ ಒಂದು ದಿನಕ್ಕೆ ನಮ್ಮಿಬ್ಬರಿಂದ ಮುನ್ನೂರು ಡಾಲರಿನ ಹತ್ತಿರ ಹೋಯಿತು.

ಹಾಗಾಗಿ ಎರಡನೇ ಸಲ ಒಂದೊಂದು ಪ್ರವಾಸವನ್ನೂ ಬುಕ್ ಮಾಡುವ ಮುಂಚೆ ಒಂದೇ ಪ್ರಶ್ನೆ ಕೇಳಿದೆವು: ಬಂದರಿನಿಂದ ಆ ಜಾಗಕ್ಕೆ ಹೋಗಿ ಬರಲು ಎಷ್ಟು ಹೊತ್ತು, ಅಲ್ಲಿ ಇರಲು ಎಷ್ಟು ಹೊತ್ತು? ಇದನ್ನು ಬಿಡಿಸಿ ಹೇಳದ ಪ್ರವಾಸವನ್ನು ಪಟ್ಟಿಯಿಂದಲೇ ತೆಗೆದೆವು.

ಮಾಯಾ ಅವಶೇಷ ಕೋಝುಮೆಲ್ ದ್ವೀಪದಲ್ಲೇ ಇದೆ, ಹೆಸರು ಸಾನ್ ಹೆರ್ವಾಸಿಯೋ. ಬಂದರಿನ ಅಂಗಡಿಸಾಲು ದಾಟಿ ಹೊರಗೆ ಬಂದರೆ ಟ್ಯಾಕ್ಸಿ ಸಾಲು. ಮೀಟರ್ ಇಲ್ಲ, ಯಾವ ಜಾಗಕ್ಕೆ ಎಷ್ಟು ಎಂದು ಬೋರ್ಡಿನಲ್ಲಿ ಬರೆದಿರುತ್ತಾರೆ. ಆ ದರ ಇಡೀ ಗಾಡಿಗೋ, ತಲೆಗೋ, ಅಲ್ಲಿ ಕಾಯುವುದೂ ಸೇರಿದೆಯೋ ಎಂದು ಹತ್ತುವ ಮುಂಚೆ ಕೇಳಿಕೊಳ್ಳಿ. ನಾವು ನಾಲ್ವರು 70 ಡಾಲರಿಗೆ ಹೋಗಿ, ಒಂದೂವರೆ ಗಂಟೆ ನೋಡಿ, ಊರೊಳಗೆ ಬಂದು ಇಳಿದೆವು. ಕಟ್ಟಡಗಳು ಟುಲುಮ್‌ನಷ್ಟು ದೊಡ್ಡವಲ್ಲ. ಆದರೆ ಕಾಡಿನ ನಡುವೆ ಸುಣ್ಣಕಲ್ಲಿನ ಹಳೇ ದಾರಿ, ಮರದ ನೆರಳು, ನಮ್ಮನ್ನು ಬಿಟ್ಟರೆ ಹತ್ತು-ಹದಿನೈದು ಜನ. ಇಶ್‌ಚೆಲ್ ಎಂಬ ದೇವತೆಯ ಕ್ಷೇತ್ರವಿದು, ಬಸಿರು-ಬಾಣಂತನ ಕಾಯುವವಳು. ಹೆಣ್ಣುಮಕ್ಕಳು ಮುಖ್ಯಭೂಮಿಯಿಂದ ದೋಣಿಯಲ್ಲಿ ಸಮುದ್ರ ದಾಟಿ ಹರಕೆಗೆ ಇಲ್ಲಿಗೆ ಬರುತ್ತಿದ್ದರಂತೆ. ಒಂದು ಸಣ್ಣ ಗುಡಿಯ ಗೋಡೆಯ ಮೇಲೆ ಕೆಂಪು ಕೈಗುರುತುಗಳು ಮಸುಕಾಗಿ ಉಳಿದಿವೆ. ಅಮ್ಮ ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು. ಸೊಳ್ಳೆ ವಿಪರೀತ, ಔಷಧಿ ಹಚ್ಚಿಕೊಂಡೇ ಹೋಗಿ. ಟಿಕೆಟಿಗೆ ನಮ್ಮ ಹತ್ತಿರ ನಗದೇ ಕೇಳಿದರು.

ಊಟದ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಬಂದರಿನ ಒಳಗೆ ಒಂದು ತಟ್ಟೆ ನಾಚೋಸ್‌ಗೆ 18 ಡಾಲರ್ ಬರೆದಿದ್ದರು. ನಾವು ಸಾನ್ ಮಿಗೆಲ್ ಊರಿನೊಳಗೆ, ಸಮುದ್ರದ ದಂಡೆಯಿಂದ ನಾಲ್ಕೈದು ಬೀದಿ ಹಿಂದಿರುವ ಮುನಿಸಿಪಲ್ ಮಾರ್ಕೆಟ್‌ಗೆ ನಡೆದೆವು. ಒಂದು ಕಡೆ ಮೀನು, ಮಾಂಸ, ಇನ್ನೊಂದು ಕಡೆ ಹಣ್ಣು-ತರಕಾರಿ, ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಹಾಸಿದ ಮೇಜುಗಳ ಖಾನಾವಳಿಗಳು. ಸ್ಥಳೀಯರೇ ಕೂತು ಉಣ್ಣುತ್ತಿದ್ದ ಒಂದನ್ನು ಆರಿಸಿಕೊಂಡೆವು. ಸಸ್ಯಾಹಾರಿಗಳು ‘ಸಿನ್ ಕಾರ್ನೆ’ (ಮಾಂಸವಿಲ್ಲದೆ) ಅಂದರೆ ಸಾಲದು. ಹುರುಳಿಕಾಯಿ ಬೀಜದಂಥ ಕಪ್ಪು ಕಾಳಿನ ಗೊಜ್ಜನ್ನು ಅಲ್ಲಿ ಹಲವು ಕಡೆ ಹಂದಿಯ ಕೊಬ್ಬಿನಲ್ಲಿ ಹುರಿಯುತ್ತಾರೆ, ಆ ಕೊಬ್ಬಿಗೆ ಮಾಂತೇಕಾ ಎನ್ನುತ್ತಾರೆ. ‘ಸಿನ್ ಪೋಯೋ, ಸಿನ್ ಪೆಸ್ಕಾದೋ, ಸಿನ್ ಮಾಂತೇಕಾ’ (ಕೋಳಿ, ಮೀನು, ಹಂದಿಕೊಬ್ಬು ಇಲ್ಲದೆ) ಎಂದು ಫೋನಿನಲ್ಲಿ ಬರೆದುಕೊಂಡು ಹೋಗಿದ್ದೆ. ಖಾನಾವಳಿಯಾಕೆ ಅದನ್ನು ಓದಿ, ನಕ್ಕು, ತನ್ನ ಪಾತ್ರೆಯ ಮುಚ್ಚಳ ತೆಗೆದು ತೋರಿಸಿ, ಎಣ್ಣೆಯ ಬಾಟಲಿಯನ್ನೂ ಎತ್ತಿ ಹಿಡಿದಳು.

ಹಿಟ್ಟಿನ ಉಂಡೆಯನ್ನು ಒತ್ತುಮಣೆಯಲ್ಲಿ ಒತ್ತಿ, ಕಾದ ಹಂಚಿಗೆ ಹಾಕಿ, ಬರಿಗೈಯಲ್ಲೇ ತಿರುವಿ ಹಾಕುತ್ತಿದ್ದಳು. ಹಂಚಿನ ಮೇಲೆ ಟಾರ್ಟಿಯಾ ಉಬ್ಬಿ ಬಂದಾಗ ಅಮ್ಮ ಎದ್ದು ಒಲೆಯ ಹತ್ತಿರ ಹೋದಳು. ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಹಾಕಿ, ತೊಳೆದು ರುಬ್ಬುತ್ತಾರೆ ಎಂದು ನಾನು ಹೇಳಿದೆ. “ಸುಣ್ಣಾ ಹಾಕಿದ್ರೂ ಬಾಯಿ ಸುಡಂಗಿಲ್ಲೇನು?” ಅಂತ ಕೇಳುತ್ತಲೇ ಒಂದು ತುಂಡು ಮುರಿದು ತಿಂದಳು. ಆಮೇಲೆ ಮೂರು ಟಾರ್ಟಿಯಾ ತಿಂದಳು, ಕಾಳಿನ ಗೊಜ್ಜು, ಅವಕಾಡೊ, ಹಸಿ ಈರುಳ್ಳಿ ಹಚ್ಚಿಕೊಂಡು. ಮೇಜಿನ ಮೇಲೆ ಆಬಾನೆರೋ ಮೆಣಸಿನಕಾಯಿಯ ಕಿತ್ತಳೆ ಬಣ್ಣದ ಸಾಲ್ಸಾ ಇಟ್ಟಿದ್ದರು, ಒಂದು ಹನಿ ನಾಲಿಗೆಗೆ ತಾಗಿದರೆ ಬ್ಯಾಡಗಿ ಮೆಣಸಿನಕಾಯಿ ಏನೂ ಅಲ್ಲ ಅನ್ನಿಸುತ್ತದೆ. ಕುಡಿಯಲು ಪುಂಡಿಯ ಜಾತಿಯದೇ ಹೂವಿನ ಕೆಂಪು ಷರಬತ್ತು, ಹೆಸರು ಹಮಾಯ್ಕಾ. ನಾಲ್ವರ ಊಟಕ್ಕೆ 340 ಪೆಸೋ, ಅಂದರೆ ಇಪ್ಪತ್ತು ಡಾಲರಿನ ಆಸುಪಾಸು. ಪೆಸೋದಲ್ಲೇ ಕೊಡಿ, ಡಾಲರ್ ಕೊಟ್ಟರೆ ಅವರು ಹೇಳಿದ್ದೇ ಲೆಕ್ಕ. ದಿನಾ ಹಡಗಿನ ಬಫೆಯಲ್ಲಿ ಪಾಸ್ಟಾ, ಪಿಜ್ಜಾ ನೋಡಿ ನೋಡಿ ಸೋತಿದ್ದ ಅಪ್ಪ ಹೊಟ್ಟೆತುಂಬಾ ಉಂಡಿದ್ದು ಅಲ್ಲಿ.

ಅಲ್ಲೇ ಒಂದು ಗಂಡಾಂತರವೂ ತಪ್ಪಿತು. ಎರಡೂವರೆ ಆಗಿದೆ, ಇನ್ನೂ ಎರಡು ಗಂಟೆ ಇದೆ ಎಂದು ನಾನು ಫೋನ್ ನೋಡಿ ಹೇಳಿದೆ. ಅಪ್ಪ ತನ್ನ ಹಳೇ ಎಚ್‌ಎಂಟಿ ವಾಚು ತೋರಿಸಿ ಮೂರೂವರೆ ಅಂದ. ಕೋಝುಮೆಲ್ ಇರುವ ಕಿಂತಾನಾ ರೋ ರಾಜ್ಯದಲ್ಲಿ 2015ರಿಂದ ವರ್ಷವಿಡೀ ಒಂದೇ ಗಡಿಯಾರ, ಬೇಸಿಗೆಗೆ ಮುಂದೆ ತಿರುಗಿಸುವುದಿಲ್ಲ. ಬೇಸಿಗೆಯಲ್ಲಿ ಮಯಾಮಿಗಿಂತ ಅದು ಒಂದು ಗಂಟೆ ಹಿಂದೆ. ನಮ್ಮ ಹಡಗು ಮಯಾಮಿ ಸಮಯದಲ್ಲೇ ಇತ್ತು, ಫೋನ್ ತಾನಾಗಿಯೇ ಊರಿನ ಸಮಯಕ್ಕೆ ಬದಲಾಗಿತ್ತು. ನಾಲ್ಕೂವರೆಗೆ ಎಲ್ಲರೂ ಹಡಗು ಹತ್ತಿರಬೇಕಿತ್ತು. ಕೈಗೊಂದು ಮಾಮೂಲಿ ವಾಚು ಕಟ್ಟಿಕೊಂಡು ಅದನ್ನು ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ. ಹಡಗಿನವರದೇ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ನೀವೇ ಹೋಗಿ ತಡಮಾಡಿದರೆ ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಸೇರಿಕೊಳ್ಳಬೇಕು.

ಇದೇ ಕಾರಣಕ್ಕೆ, ಹಡಗು ನಿಲ್ಲುವ ಇನ್ನೊಂದು ದೇಶವಾದ ಬೆಲೀಝ್‌ನ ಬೆಲೀಝ್ ಸಿಟಿಯಲ್ಲಿ ಮಾತ್ರ ಹಡಗಿನವರ ಪ್ರವಾಸವನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಅಲ್ಲಿ ಕರಾವಳಿಯ ನೀರು ಆಳವಿಲ್ಲ, ಹಡಗು ಕಿಲೋಮೀಟರುಗಟ್ಟಲೆ ದೂರದಲ್ಲೇ ಲಂಗರು ಹಾಕುತ್ತದೆ. ಟೆಂಡರ್ ದೋಣಿಯಲ್ಲಿ ದಡಕ್ಕೆ ಇಪ್ಪತ್ತು ನಿಮಿಷ, ಅದಕ್ಕೂ ಮುಂಚೆ ಸರದಿ. ಆಮೇಲೆ ‘ಆಲ್ಟುನ್ ಹಾ’ ಎಂಬ ಮಾಯಾ ಅವಶೇಷಕ್ಕೆ ಸುಮಾರು 50 ಕಿಲೋಮೀಟರ್. ಇಷ್ಟೆಲ್ಲ ಕೊಂಡಿಗಳಲ್ಲಿ ಒಂದು ಕಳಚಿದರೂ ಕಷ್ಟ. ದುಡ್ಡು ಹೆಚ್ಚಾಯಿತು, ಆದರೆ ಬೇಸರವಾಗಲಿಲ್ಲ. ಇಲ್ಲಿನ ದೊಡ್ಡ ಗುಡಿಯ ಮೇಲೆ ಹತ್ತಬಹುದು. 1968ರಲ್ಲಿ ಇದರೊಳಗಿನ ಒಂದು ಸಮಾಧಿಯಲ್ಲಿ ಸೂರ್ಯದೇವನ ತಲೆ ಸಿಕ್ಕಿತು, ನಾಲ್ಕು ಕಿಲೋಗೂ ಮೀರಿದ ಒಂದೇ ಹಸಿರು ಜೇಡ್ ಕಲ್ಲಿನಲ್ಲಿ ಕೆತ್ತಿದ್ದು.

ಅದೇ ದಾರಿಯ ಗ್ರ್ಯಾಂಡ್ ಕೇಮನ್ ದ್ವೀಪದಲ್ಲೂ ಟೆಂಡರ್ ದೋಣಿಯೇ. ಮೊದಲ ಸಲ ಅಲೆ ಜೋರಾಗಿ ಹಡಗು ನಿಲ್ಲದೆ ಹೊರಟುಹೋಯಿತು, ಹಡಗಿನವರಲ್ಲದ ಹೊರಗಿನ ಪ್ರವಾಸದವರಿಗೆ ಕಟ್ಟಿದ್ದ ಮುಂಗಡದಲ್ಲಿ ಅರ್ಧವಷ್ಟೇ ವಾಪಸ್ ಬಂತು. ಹಡಗು ಬರದಿದ್ದರೆ ಪೂರ್ತಿ ಹಣ ಕೊಡುತ್ತೇವೆ ಎಂದು ಬರವಣಿಗೆಯಲ್ಲಿ ಹೇಳುವವರ ಹತ್ತಿರ ಮಾತ್ರ ಬುಕ್ ಮಾಡಿ. ಎರಡನೇ ಸಲ ಹಾಗೇ ಮಾಡಿ ಸ್ಟಿಂಗ್‌ರೇ ಸಿಟಿಗೆ ಹೋದೆವು. ಸಮುದ್ರದ ನಡುವೆ ಸೊಂಟದ ಮಟ್ಟದ ನೀರಿರುವ ಮರಳುದಿಬ್ಬ. ಹಿಂದೆ ಬೆಸ್ತರು ಮೀನು ಹಸನು ಮಾಡಿ ಉಳಿದದ್ದನ್ನು ಇಲ್ಲಿ ಚೆಲ್ಲುತ್ತಿದ್ದರಿಂದ ತೊರಕೆ ಮೀನುಗಳು ಬರಲು ಕಲಿತವು. ಕಾಲೆತ್ತಿ ಇಡದೆ ಮರಳಿನಲ್ಲಿ ಉಜ್ಜುತ್ತಾ ನಡೆಯಬೇಕು, ಅವನ್ನು ತುಳಿಯಬಾರದು. ಚೂಡಿದಾರದಲ್ಲೇ ನೀರಿಗಿಳಿದ ಅಮ್ಮ ಒಂದರ ಬೆನ್ನು ಸವರಿ, ನೆನೆಸಿದ ಅಣಬೆಯ ಹಾಗಿದೆ ಅಂದಳು.

ಕೇಮನ್‌ನಲ್ಲಿ ಬೆಲೆಯ ಮುಂದೆ ಬರೀ ಡಾಲರ್ ಗುರುತು ಹಾಕಿದ್ದರೆ ಅದು ಸಾಮಾನ್ಯವಾಗಿ ಅವರ ಡಾಲರ್, ಅಮೆರಿಕದ್ದಲ್ಲ. ನಮ್ಮ ಒಂದು ಡಾಲರಿಗೆ ಅಂಗಡಿಯಲ್ಲಿ 80 ಸೆಂಟು ಲೆಕ್ಕ ಹಿಡಿಯುತ್ತಾರೆ. 12 ಎಂದು ಬರೆದ ಜ್ಯೂಸು-ಸ್ಯಾಂಡ್‌ವಿಚ್‌ಗೆ ನಾವು ಕೊಟ್ಟಿದ್ದು 15. ಸೆವೆನ್ ಮೈಲ್ ಬೀಚ್‌ಗೆ ಟ್ಯಾಕ್ಸಿ ಬೇಡ, ಜಾರ್ಜ್ ಟೌನ್‌ನ ಲೈಬ್ರರಿಯ ಪಕ್ಕದಿಂದ ಊರಿನ ಮಿನಿಬಸ್ಸುಗಳು ಹೊರಡುತ್ತವೆ, ಕೈ ತೋರಿಸಿದರೆ ವಾಪಸ್ ಬರುವಾಗಲೂ ನಿಲ್ಲಿಸುತ್ತಾರೆ. ಬಸ್ಸಿಗೆ ಚಿಲ್ಲರೆ ಇಟ್ಟುಕೊಂಡಿರಿ.